ಹಳೆಯ ಫೋಟೋದ ಇಸವಿ ಹೇಳುವ ಮೋಟಾರ್ ಸೈಕಲ್



ಈ ವರ್ಷ ಇತಿಹಾಸದ ಪ್ರಾಜೆಕ್ಟಿಗೆಂದು 'ಮನೆಯಲ್ಲಿರುವ ಒಂದು ಹಳೆಯ ವಸ್ತು ತನ್ನಿ' ಎಂದು ಹೇಳಿದ್ದು ನಿಮಗೆ ನೆನಪಿರಬಹುದು. ದ್ವಿತೀಯ ಪಿಯುಸಿಯ ಒಬ್ಬ ವಿದ್ಯಾರ್ಥಿನಿ ಒಂದು ಫೋಟೋ ತಂದಳು. ಅಂಗೈಯಷ್ಟು ಅಗಲ, ಕಂದು ಬಣ್ಣ, ಒಂದು ಮೂಲೆ ಮುರಿದಿದೆ. ಖಾಕಿ ತೊಟ್ಟ ಯುವಕನೊಬ್ಬ ಮೋಟಾರ್ ಸೈಕಲ್ ಪಕ್ಕದಲ್ಲಿ ನಿಂತಿದ್ದಾನೆ. ಹಿಂದೆ ಎರಡು ಖರ್ಜೂರದ ಮರ. ಫೋಟೋದ ಬೆನ್ನಿಗೆ ನೀಲಿ ಪೆನ್ನಿನಲ್ಲಿ 'ಬಸ್ರಾ 1917' ಎಂದು ಬರೆದಿದೆ. "ಸರ್, ಇವರು ನಮ್ಮ ದಾದಿಯ ದಾದಾ. ಮೊದಲ ಮಹಾಯುದ್ಧಕ್ಕೆ ಹೋಗಿದ್ದರಂತೆ" ಎಂದಳು.

ನಾನು ಒಮ್ಮೆ ನೋಡಿ ತಲೆಯಾಡಿಸಿದೆ. ಮೊದಲ ಮಹಾಯುದ್ಧದಲ್ಲಿ ಭಾರತದ ಸೈನಿಕರು ಇರಾಕಿಗೆ, ಅಂದಿನ ಮೆಸೊಪೊಟೇಮಿಯಾಕ್ಕೆ, ದೊಡ್ಡ ಸಂಖ್ಯೆಯಲ್ಲಿ ಹೋಗಿದ್ದು ನಿಜ. ಫೋಟೋ ಕಂದು ಬಣ್ಣದ್ದು. ಇಸವಿ ಬರೆದೇ ಇದೆ. ಇನ್ನೇನು ಬೇಕು ಎಂದುಕೊಂಡು ಈ ಪತ್ರಿಕೆಯಲ್ಲಿ ಹಾಕಲು ಒಪ್ಪಿಗೆ ಕೊಟ್ಟೆ. ಅದು ನನ್ನ ತಪ್ಪು. ಆ ತಪ್ಪು ಹೇಗೆ ಗೊತ್ತಾಯಿತು, ಅದರಿಂದ ನಾವು ಏನು ಕಲಿತೆವು ಎಂಬುದೇ ಈ ಪಾಠ.

ತಪ್ಪು ಹಿಡಿದವರು ಇತಿಹಾಸ ಓದಿದವರಲ್ಲ. ಆ ಹುಡುಗಿಯ ಚಾಚಾ ಬುಲೆಟ್ ರಿಪೇರಿ ಮಾಡುವವರು. ಫೋಟೋ ನೋಡಿದವರೇ, "ಇದರ ಮುಂದಿನ ಫೋರ್ಕ್ ನೋಡು. ನಮ್ಮ ಬುಲೆಟ್ಟಿಗೆ ಇರುವ ಹಾಗೆಯೇ ಕೊಳವೆ ಫೋರ್ಕ್. 1917ರಲ್ಲಿ ಇದು ಇತ್ತಾ? ನಿಮ್ಮ ಸರ್ ಹತ್ತಿರ ಕೇಳು" ಎಂದರಂತೆ. ಅವಳು ಬಂದು ಕೇಳಿದಳು. ನನ್ನ ಬಳಿ ಉತ್ತರ ಇರಲಿಲ್ಲ. ಹುಡುಕಿದೆ. ಚಾಚಾ ಹೇಳಿದ್ದೇ ಸರಿ.

ಎರಡು ಪರೀಕ್ಷೆ

ಹದೀಸ್ ವಿದ್ವಾಂಸರು ಒಂದು ವರದಿಯನ್ನು ಸ್ವೀಕರಿಸುವ ಮೊದಲು ಎರಡು ವಿಷಯ ನೋಡುತ್ತಿದ್ದರು ಎಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಒಂದು ಸನದ್, ಅಂದರೆ ಈ ಮಾತು ಯಾರಿಂದ ಯಾರಿಗೆ ಬಂತು ಎಂಬ ಸರಪಳಿ. ಇನ್ನೊಂದು ಮತನ್, ಅಂದರೆ ಹೇಳಿದ ಮಾತಿನ ಒಡಲು. ಸರಪಳಿಯ ಒಂದು ಕೊಂಡಿ ಸಡಿಲವಾಗಿದ್ದರೂ ಅವರು ಅದನ್ನು ಗುರುತು ಹಾಕಿ ಇಡುತ್ತಿದ್ದರು. ಅದು ಧರ್ಮದ ವಿಷಯ, ನಮ್ಮದು ಮನೆಯ ಒಂದು ಫೋಟೋ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತಿಲ್ಲ. ಆದರೆ ಆ ಕ್ರಮ ನಮಗೂ ಉಪಯೋಗಕ್ಕೆ ಬರುತ್ತದೆ. ಫೋಟೋ ಯಾರ ಕೈಯಿಂದ ಬಂತು, ಬೆನ್ನಿನ ಬರಹ ಯಾರದು ಎಂಬುದು ಅದರ ಸರಪಳಿ. ಚಿತ್ರದ ಒಳಗೆ ಕಾಣುವುದು ಅದರ ಒಡಲು.

ನಮ್ಮ ಫೋಟೋದ ಸರಪಳಿ ಮೊದಲು ನೋಡಿದೆವು. ಬೆನ್ನಿನ ಬರಹ ಬಾಲ್‌ಪೆನ್ನಿನದು. ಗೆರೆಯ ನಡುವೆ ಅಲ್ಲಲ್ಲಿ ಶಾಯಿಯ ಗಂಟು ಕಟ್ಟಿದೆ, ಕಾಗದ ಒಳಕ್ಕೆ ಒತ್ತಿದೆ. ಬಾಲ್‌ಪೆನ್ ಜನಬಳಕೆಗೆ ಬಂದದ್ದು 1945ರ ನಂತರ. ಅಂದರೆ '1917' ಎಂದು ಬರೆದವರು 1917ರಲ್ಲಿ ಬರೆದಿಲ್ಲ. ಸುಳ್ಳು ಬರೆದರು ಎಂದಲ್ಲ. ಬಹಳ ವರ್ಷದ ನಂತರ ಯಾರೋ ನೆನಪಿನಿಂದ ಬರೆದರು ಎಂದಷ್ಟೇ ಅರ್ಥ. ವಿಚಾರಿಸಿದಾಗ ಅದು ದಾದಿಯ ತಮ್ಮನ ಕೈಬರಹ ಎಂದು ತಿಳಿಯಿತು.

ಕಂದು ಬಣ್ಣವೂ ಸಾಕ್ಷಿಯಲ್ಲ. ಫೋಟೋ ತೊಳೆಯುವಾಗ ಬೇಕೆಂದೇ ಆ ಬಣ್ಣ ಕೊಡುವ ಪದ್ಧತಿ ಎರಡೂ ಯುದ್ಧಗಳ ಕಾಲದಲ್ಲಿ ಇತ್ತು. ಇನ್ನು ಉಳಿದದ್ದು ಚಿತ್ರದ ಒಡಲು, ಅಂದರೆ ಮೋಟಾರ್ ಸೈಕಲ್.

ಒಂದು ನಿಯಮ ನೆನಪಿಡಿ

ಫೋಟೋದಲ್ಲಿ ಕಾಣುವ ವಸ್ತುಗಳಲ್ಲಿ ಎಲ್ಲಕ್ಕಿಂತ ಹೊಸದು ಯಾವುದೋ ಅದೇ ಫೋಟೋದ ಇಸವಿಯನ್ನು ಕಟ್ಟಿಹಾಕುತ್ತದೆ. ನಿಮ್ಮ ಮನೆಯ ಮದುವೆ ಫೋಟೋದಲ್ಲಿ ಅಜ್ಜನ ಕಾಲದ ಗೋಡೆ ಗಡಿಯಾರವೂ ಇರುತ್ತದೆ, ಮಾವನ ಕೈಯಲ್ಲಿ ಮೊಬೈಲೂ ಇರುತ್ತದೆ. ಇಸವಿ ಹೇಳುವುದು ಮೊಬೈಲ್, ಗಡಿಯಾರವಲ್ಲ. ಹಳೆಯ ವಸ್ತು ಎಷ್ಟು ವರ್ಷವಾದರೂ ಬಳಕೆಯಲ್ಲಿ ಇರಬಹುದು. ಹೊಸ ವಸ್ತು ಹುಟ್ಟುವ ಮೊದಲೇ ಫೋಟೋದಲ್ಲಿ ಬರಲು ಸಾಧ್ಯವಿಲ್ಲ. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ 'ಇದು ಯಾವ ಇಸವಿ?' ಎಂದಲ್ಲ, 'ಇದು ಯಾವ ಇಸವಿಗಿಂತ ಮೊದಲಿನದಾಗಲು ಸಾಧ್ಯವಿಲ್ಲ?' ಎಂದು.

ಮೊದಲ ಮಹಾಯುದ್ಧದ ಬೈಕುಗಳು ಹೇಗಿದ್ದವು?

1914ರಿಂದ 1918ರವರೆಗೆ ಬ್ರಿಟಿಷ್ ಸೈನ್ಯದಲ್ಲಿ ಹೆಚ್ಚಾಗಿ ಕಾಣುವುದು ಎರಡು ಬೈಕ್. ಒಂದು ಟ್ರಯಂಫ್ ಮಾಡೆಲ್ ಎಚ್, 550 ಸಿಸಿ, ಒಂದೇ ಸಿಲಿಂಡರ್. 1915ರಿಂದ ಸುಮಾರು 30,000 ಬೈಕುಗಳು ಮಿತ್ರಪಕ್ಷದ ಸೈನ್ಯಕ್ಕೆ ಹೋದವು. ಇದರ ಹಿಂದಿನ ಚಕ್ರ ತಿರುಗುವುದು ಚೈನಿನಿಂದಲ್ಲ, ಬೆಲ್ಟಿನಿಂದ. ಹಿಂದಿನ ಚಕ್ರದ ಒಳಗೆ ಇನ್ನೊಂದು ದೊಡ್ಡ ಬಳೆಯಂತೆ ಕಾಣುವುದೇ ಬೆಲ್ಟ್ ಕೂರುವ ರಿಮ್. ಇನ್ನೊಂದು ಡಗ್ಲಸ್, 350 ಸಿಸಿ. ಇದರ ಎರಡು ಸಿಲಿಂಡರ್ ಮಲಗಿದಂತೆ ಇರುತ್ತವೆ, ಒಂದು ಮುಂದಿನ ಚಕ್ರದ ಕಡೆಗೆ, ಇನ್ನೊಂದು ಹಿಂದಿನ ಚಕ್ರದ ಕಡೆಗೆ. ಇದೂ ದೊಡ್ಡ ಸಂಖ್ಯೆಯಲ್ಲಿ ತಯಾರಾಯಿತು. ವಾಯುದಳದವರು, ಅಂದಿನ ರಾಯಲ್ ಫ್ಲೈಯಿಂಗ್ ಕೋರ್‌ನವರು, ಫೀಲನ್ ಅಂಡ್ ಮೂರ್ ಎಂಬ ಬೈಕ್ ಬಳಸಿದರು. ಅದರ ಸಿಲಿಂಡರ್ ಮುಂದಕ್ಕೆ ಬಾಗಿ ಚೌಕಟ್ಟಿನ ಭಾಗವೇ ಆಗಿರುತ್ತದೆ. ಆ ದಳ 1918ರ ಏಪ್ರಿಲ್ 1ರಂದು ರಾಯಲ್ ಏರ್ ಫೋರ್ಸ್ ಆಯಿತು.

ಈ ಕಾಲದ ಬೈಕುಗಳ ದೊಡ್ಡ ಗುರುತು ಪೆಟ್ರೋಲ್ ಟ್ಯಾಂಕ್. ಚೌಕಟ್ಟಿನ ಮೇಲಿನ ಎರಡು ಕೊಳವೆಗಳ ನಡುವೆ ಚಪ್ಪಟೆ ಡಬ್ಬಿಯಂತೆ ಸಿಕ್ಕಿಸಿದ ಟ್ಯಾಂಕ್ ಅದು. ಕುದುರೆಯ ಬೆನ್ನಿಗೆ ಜೀನು ಹಾಕಿದಂತೆ ಕೊಳವೆಯ ಎರಡೂ ಬದಿಗೆ ಇಳಿದು ಕೂರುವ ದುಂಡು ಟ್ಯಾಂಕ್ ಸಾಮಾನ್ಯವಾದದ್ದು 1920ರ ದಶಕದ ಕೊನೆಗೆ. ಆದ್ದರಿಂದ ಯಾವುದೇ ಫೋಟೋದಲ್ಲಿ ಮೊದಲು ಟ್ಯಾಂಕ್ ನೋಡಿ. ಅರ್ಧ ಕೆಲಸ ಅಲ್ಲಿಯೇ ಮುಗಿಯುತ್ತದೆ.

ನಮ್ಮ ಫೋಟೋದಲ್ಲಿ ಟ್ಯಾಂಕ್ ದುಂಡಗಿತ್ತು. 1917 ಅಲ್ಲಿಗೇ ಬಿದ್ದುಹೋಯಿತು. ಅಷ್ಟು ದೊಡ್ಡ ಗುರುತನ್ನು ನಾನು ನೋಡಿಯೂ ನೋಡಿರಲಿಲ್ಲ; ಬೆನ್ನಿನ ಬರಹ ಓದಿದ ಮೇಲೆ ಕಣ್ಣು ಕೆಲಸ ನಿಲ್ಲಿಸಿತ್ತು.

ಎರಡನೇ ಮಹಾಯುದ್ಧದ ಬೈಕುಗಳು

1. ಎಂಜಿನ್: ಟ್ಯಾಂಕಿನ ಕೆಳಗೆ ಎಂಜಿನ್ ಗಿಡ್ಡವಾಗಿದ್ದು, ಮೇಲೆ ಚಪ್ಪಟೆ ತಲೆ, ತಲೆ ಮತ್ತು ಟ್ಯಾಂಕಿನ ನಡುವೆ ಖಾಲಿ ಜಾಗ ಕಂಡರೆ ಅದು ಸೈಡ್ ವಾಲ್ವ್. ಬಿಎಸ್ಎ ಎಂ20 ಮತ್ತು ನಾರ್ಟನ್ 16ಎಚ್ ಈ ಜಾತಿಯವು, ಎರಡೂ ಸುಮಾರು 500 ಸಿಸಿ. ಎಂ20 ಸುಮಾರು 1,26,000, 16ಎಚ್ ಸುಮಾರು 1,00,000 ತಯಾರಾದವು. ಎಂಜಿನ್ ಎತ್ತರವಾಗಿ ಟ್ಯಾಂಕನ್ನು ಮುಟ್ಟುವಂತಿದ್ದು, ತಲೆಯ ಮೇಲೆ ರಾಕರ್ ಪೆಟ್ಟಿಗೆ ಇದ್ದರೆ ಅದು ಓವರ್‌ಹೆಡ್ ವಾಲ್ವ್. ಮ್ಯಾಚ್‌ಲೆಸ್ ಜಿ3, ಏರಿಯಲ್ ಡಬ್ಲ್ಯೂ/ಎನ್‌ಜಿ, ಟ್ರಯಂಫ್ 3ಎಚ್‌ಡಬ್ಲ್ಯೂ, ರಾಯಲ್ ಎನ್‌ಫೀಲ್ಡ್ ಡಬ್ಲ್ಯೂಡಿ/ಸಿಓ ಈ ಗುಂಪಿನ 350 ಸಿಸಿ ಬೈಕುಗಳು.

2. ಮುಂದಿನ ಫೋರ್ಕ್: ಹೆಚ್ಚಿನ ಬೈಕುಗಳಿಗೆ ಗರ್ಡರ್ ಫೋರ್ಕ್ ಇತ್ತು. ಎರಡೂ ಬದಿಗೆ ತ್ರಿಕೋನದ ಚೌಕಟ್ಟು, ಹೆಡ್‌ಲೈಟಿನ ಹಿಂದೆ ಒಂದು ದೊಡ್ಡ ಸ್ಪ್ರಿಂಗ್. ಇಂದಿನ ಬೈಕುಗಳಂತೆ ಎಣ್ಣೆ ತುಂಬಿದ, ಒಂದರೊಳಗೊಂದು ಜಾರುವ ಕೊಳವೆಯ ಫೋರ್ಕ್ ಬ್ರಿಟಿಷ್ ಸೈನ್ಯದ ಬೈಕಿಗೆ ಬಂದದ್ದು 1941ರಲ್ಲಿ, ಮ್ಯಾಚ್‌ಲೆಸ್ ಜಿ3/ಎಲ್ ಮಾದರಿಯಲ್ಲಿ. ಜಿ3 ಮತ್ತು ಜಿ3/ಎಲ್ ಸೇರಿ ಸುಮಾರು 80,000 ಬೈಕುಗಳು ತಯಾರಾದವು.

3. ಟ್ಯಾಂಕಿನ ಮೇಲಿನ ಸಂಖ್ಯೆ: ಸೈನ್ಯದ ಪ್ರತಿ ವಾಹನಕ್ಕೂ ಒಂದು ಸಂಖ್ಯೆ, ಅದರ ಮುಂದೆ ಒಂದು ಅಕ್ಷರ. ಲಾರಿಗೆ ಎಲ್, ಕಾರಿಗೆ ಎಂ, ಆ್ಯಂಬುಲೆನ್ಸಿಗೆ ಎ, ಮೋಟಾರ್ ಸೈಕಲ್ಲಿಗೆ ಸಿ. ವಾಯುದಳದ ವಾಹನಕ್ಕೆ ಆರ್‌ಎಎಫ್ ಎಂಬ ಮೂರು ಅಕ್ಷರ. 1949ರಲ್ಲಿ ಈ ಪದ್ಧತಿ ಬದಲಾಗಿ ಎರಡು ಅಂಕಿ, ಎರಡು ಅಕ್ಷರ, ಎರಡು ಅಂಕಿಯ ಹೊಸ ಕ್ರಮ ಬಂತು. ಆದ್ದರಿಂದ ಸಂಖ್ಯೆ ಓದಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

4. ದೀಪ: ಬ್ರಿಟನ್ನಿನಲ್ಲಿ 1939ರ ಸೆಪ್ಟೆಂಬರ್ 1ರಿಂದ ರಾತ್ರಿ ಬೆಳಕು ಮರೆಮಾಡುವ ಆಜ್ಞೆ ಜಾರಿಯಾಯಿತು. ಹೆಡ್‌ಲೈಟಿನ ಮೇಲೆ ಸಣ್ಣ ಸೀಳು ಮಾತ್ರ ಇರುವ ಮುಚ್ಚಳ, ಮಡ್‌ಗಾರ್ಡಿನ ತುದಿಗೆ ಬಿಳಿ ಬಣ್ಣ ಕಂಡರೆ ಅದು ಆ ಕಾಲದ ಗುರುತು.

5. ಹ್ಯಾಂಡಲ್ ಹಿಡಿ ಮತ್ತು ಕಾಲಿಡುವ ಜಾಗ: 1942ರ ಆರಂಭದಲ್ಲಿ ಜಪಾನ್ ಮಲಯಾ ಮತ್ತು ಸಿಂಗಾಪುರವನ್ನು ವಶಪಡಿಸಿಕೊಂಡಿತು. ರಬ್ಬರ್ ತೋಟಗಳು ಕೈತಪ್ಪಿದವು. ಆ ಬಳಿಕ ತಯಾರಾದ ಬೈಕುಗಳಲ್ಲಿ ರಬ್ಬರ್ ಹಿಡಿಯ ಬದಲು ಕ್ಯಾನ್ವಾಸ್ ಸುತ್ತಿದ ಹಿಡಿ, ರಬ್ಬರ್ ಇಲ್ಲದ ಬರಿ ಕಬ್ಬಿಣದ ಫುಟ್‌ರೆಸ್ಟ್ ಕಾಣುತ್ತವೆ. ದೂರದ ಒಂದು ಯುದ್ಧ ಒಂದು ಬೈಕಿನ ಹಿಡಿಯಲ್ಲಿ ಹೀಗೆ ಕಾಣುತ್ತದೆ.

6. ಬಿಳಿ ನಕ್ಷತ್ರ: ಟ್ಯಾಂಕಿನ ಬದಿಗೆ ಐದು ಮೊನೆಯ ಬಿಳಿ ನಕ್ಷತ್ರ ಇದ್ದರೆ ಫೋಟೋ ಸಾಮಾನ್ಯವಾಗಿ 1943 ಅಥವಾ ಅದರ ನಂತರದ್ದು. ಅದು ಮಿತ್ರಪಕ್ಷದ ಎಲ್ಲ ವಾಹನಗಳಿಗೆ ಸಮಾನ ಗುರುತಾಗಿತ್ತು.

7. ಸವಾರನ ತಲೆ: ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅರಬ್ ನಾಡಿನ ಯುದ್ಧದಿಂದ ಹೆಸರಾದ ಟಿ. ಇ. ಲಾರೆನ್ಸ್ 1935ರ ಮೇ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿ ಆರು ದಿನಗಳ ನಂತರ ತೀರಿಕೊಂಡರು. ಅವರನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮೆದುಳಿನ ಶಸ್ತ್ರವೈದ್ಯರೂ ಇದ್ದರು. ಯುದ್ಧ ಶುರುವಾದಾಗ ಸೈನ್ಯದ ಬೈಕ್ ಸವಾರರು ಶತ್ರುವಿನ ಗುಂಡಿಗಲ್ಲ, ರಸ್ತೆಯ ಪೆಟ್ಟಿಗೆ ಸಾಯುವುದನ್ನು ಕಂಡು ಅವರು ಲೆಕ್ಕ ಇಟ್ಟರು. 1941ರಲ್ಲಿ ಹೆಲ್ಮೆಟಿನ ಅಗತ್ಯದ ಬಗ್ಗೆ ಪ್ರಬಂಧ ಪ್ರಕಟಿಸಿದರು. ಅದೇ ವರ್ಷ ನವೆಂಬರಿನಲ್ಲಿ ಬ್ರಿಟಿಷ್ ಸೈನ್ಯ ತನ್ನ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಆದ್ದರಿಂದ ಸವಾರ ಬಟ್ಟೆ ಟೋಪಿಯಲ್ಲಿ ಇದ್ದರೆ ಯುದ್ಧದ ಆರಂಭದ ದಿನಗಳಿರಬಹುದು. ದುಂಡನೆಯ ಕ್ರ್ಯಾಶ್ ಹೆಲ್ಮೆಟ್ ಇದ್ದರೆ ಹೆಚ್ಚಾಗಿ 1941ರ ಕೊನೆಯ ನಂತರ. (ಕಾಲೇಜಿನ ಗೇಟು ದಾಟಿದ ಕೂಡಲೇ ಹೆಲ್ಮೆಟನ್ನು ಹ್ಯಾಂಡಲಿಗೆ ತೂಗುಹಾಕುವವರು ಈ ಅಂಶವನ್ನು ಎರಡು ಸಲ ಓದಿ.)

ಮೋಸ ಹೋಗುವ ಜಾಗಗಳು

ಫೋಟೋ ತಿರುಗುಮುರುಗಾಗಿ ಮುದ್ರಣವಾಗಿರಬಹುದು. ಹಳೆಯ ಬುಲೆಟ್ ಓಡಿಸಿದವರನ್ನು ಕೇಳಿ: ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಆ ಕಾಲದ ಬ್ರಿಟಿಷ್ ಬೈಕುಗಳ ಕ್ರಮ ಅದು. ಕಿಕ್ಕರ್ ಬಲಕ್ಕೆ, ಹಿಂದಿನ ಚಕ್ರದ ಚೈನ್ ಎಡಕ್ಕೆ. ಚೈನ್ ಬಲಕ್ಕೆ ಕಂಡರೆ ಮೊದಲು ಫೋಟೋವನ್ನು ಕನ್ನಡಿಯಲ್ಲಿ ನೋಡಿ.

ಕಪ್ಪು-ಬಿಳುಪು ಚಿತ್ರದಲ್ಲಿ ಬಣ್ಣ ಊಹಿಸಬೇಡಿ. ಹಳೆಯ ಕೆಲವು ಫಿಲ್ಮುಗಳಿಗೆ ಕೆಂಪು ಬಣ್ಣ ತಿಳಿಯುತ್ತಲೇ ಇರಲಿಲ್ಲ. ಕೆಂಪು ಕಪ್ಪಾಗಿ, ನೀಲಿ ಬಿಳಿಚಿಕೊಂಡು ಕಾಣುತ್ತಿತ್ತು. ಈಗ ಮೊಬೈಲಿನಲ್ಲಿ ಹಳೆಯ ಫೋಟೋಕ್ಕೆ ಬಣ್ಣ ತುಂಬುವ ಆ್ಯಪುಗಳಿವೆ. ಆ ಬಣ್ಣ ಯಂತ್ರದ ಊಹೆ, ಸಾಕ್ಷಿಯಲ್ಲ.

ಟ್ಯಾಂಕಿನ ಮೇಲೆ 'ಇಂಡಿಯನ್' ಎಂದು ಬರೆದಿದ್ದರೆ ಅದು ಭಾರತದ ಬೈಕ್ ಎಂದುಕೊಳ್ಳಬೇಡಿ. ಇಂಡಿಯನ್ ಎಂಬುದು ಅಮೆರಿಕದ ಕಂಪನಿ. ಅದರ ಬೈಕುಗಳನ್ನೂ ಬ್ರಿಟನ್ ಮತ್ತು ಅದರ ಜೊತೆಗಿದ್ದ ದೇಶಗಳ ಸೈನ್ಯಗಳು ಬಳಸಿದವು. ಅದರ ಎರಡು ಸಿಲಿಂಡರ್ 'ವಿ' ಅಕ್ಷರದಂತೆ ಕವಲೊಡೆದಿರುವುದರಿಂದ ಸುಲಭವಾಗಿ ಗುರುತಿಸಬಹುದು.

ಇನ್ನೊಂದು ಮಾತು. ಇರುವುದು ಸಾಕ್ಷಿ, ಇಲ್ಲದಿರುವುದು ಸಾಕ್ಷಿಯಲ್ಲ. ನಕ್ಷತ್ರ ಇಲ್ಲ, ಆದ್ದರಿಂದ 1943ಕ್ಕಿಂತ ಮೊದಲು ಎನ್ನಬೇಡಿ. ಬಣ್ಣ ಬಳಿಯುವವನಿಗೆ ಅಂದು ಬಿಡುವಾಗದೆ ಇದ್ದಿರಬಹುದು. ಗರ್ಡರ್ ಫೋರ್ಕ್ ಇದೆ, ಆದ್ದರಿಂದ 1941ಕ್ಕಿಂತ ಮೊದಲು ಎನ್ನುವುದೂ ತಪ್ಪು. ಎಂ20, 16ಎಚ್ ಬೈಕುಗಳಿಗೆ ಯುದ್ಧ ಮುಗಿಯುವವರೆಗೂ ಅದೇ ಫೋರ್ಕ್ ಇತ್ತು.

ನಮ್ಮ ಫೋಟೋದ ತೀರ್ಪು

ಈಗ ಭೂತಗನ್ನಡಿ ಹಿಡಿದು ಆ ಫೋಟೋವನ್ನು ಮತ್ತೆ ನೋಡಿದೆವು. ದುಂಡು ಟ್ಯಾಂಕ್. ಎತ್ತರದ ಎಂಜಿನ್, ಮೇಲೆ ರಾಕರ್ ಪೆಟ್ಟಿಗೆ. ಕೊಳವೆಯ ಫೋರ್ಕ್. ಟ್ಯಾಂಕಿನ ಬದಿಯಲ್ಲಿ ಸಿ ಅಕ್ಷರ, ಅದರ ಮುಂದೆ ಎರಡು ಅಂಕಿ. ಉಳಿದ ಅಂಕಿಗಳನ್ನು ಯುವಕನ ಕೈ ಮರೆಮಾಡಿದೆ. ಆ ಕೈಯಲ್ಲಿ ದುಂಡನೆಯ ಹೆಲ್ಮೆಟ್. ಎಲ್ಲ ಸೇರಿಸಿದರೆ ಇದು ಮ್ಯಾಚ್‌ಲೆಸ್ ಜಿ3/ಎಲ್. 1941ಕ್ಕಿಂತ ಮೊದಲು ಈ ಬೈಕೇ ಇರಲಿಲ್ಲ. ತಯಾರಾಗಿ, ಹಡಗು ಹತ್ತಿ, ಅಷ್ಟು ದೂರ ಬರುವುದನ್ನು ಲೆಕ್ಕಕ್ಕೆ ತೆಗೆದುಕೊಂಡರೆ 1942 ಅಥವಾ ಅದರ ನಂತರ ಎನ್ನುವುದು ಸರಿ.

ಹಾಗಾದರೆ 'ಬಸ್ರಾ' ಎಂಬುದೂ ಸುಳ್ಳೇ? ಹಾಗೆ ಹೇಳಬೇಕಿಲ್ಲ. ಭಾರತದ ಸೈನ್ಯ ಬಸ್ರಾಕ್ಕೆ ಎರಡು ಯುದ್ಧಗಳಲ್ಲೂ ಹೋಗಿದೆ. 1941ರ ಏಪ್ರಿಲಿನಲ್ಲಿ 10ನೇ ಭಾರತೀಯ ಡಿವಿಜನ್ನಿನ ಸೈನಿಕರು ಅಲ್ಲಿ ಇಳಿದರು. ಆ ನಂತರವೂ ಇರಾಕ್ ಮತ್ತು ಇರಾನಿನಲ್ಲಿ ಭಾರತದ ಪಡೆಗಳು ಇದ್ದವು. ಮನೆಯವರ ನೆನಪಿನಲ್ಲಿ ಊರು ಉಳಿದು ಯುದ್ಧ ಅದಲುಬದಲಾಗಿರಬಹುದು. ಖರ್ಜೂರದ ಮರ ಮಾತ್ರ ಬಸ್ರಾಕ್ಕೆ ಸಾಕ್ಷಿಯಾಗದು. ಈಜಿಪ್ಟಿನಲ್ಲೂ ಅದೇ ಮರ ಇದೆ.

ಇಲ್ಲಿ ಪಾಠ ಕಷ್ಟದ ಜಾಗಕ್ಕೆ ಬಂತು. ದಾದಿಯ ದಾದಾ ತೀರಿಕೊಂಡದ್ದು ದಾದಿ ಹುಟ್ಟುವ ಮೊದಲೇ, 1930ರ ಸುಮಾರಿಗೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಹಾಗಿದ್ದರೆ ಫೋಟೋದಲ್ಲಿ ಇರುವವರು ಅವರಲ್ಲ. ಎಷ್ಟೋ ವರ್ಷಗಳಿಂದ ಟ್ರಂಕಿನಲ್ಲಿ ಬಟ್ಟೆ ಸುತ್ತಿ ಜೋಪಾನ ಮಾಡಿದ ಫೋಟೋ. ಎಂಬತ್ತು ದಾಟಿದ ಹಿರಿಯರ ಮುಂದೆ ಹೋಗಿ "ಇವರು ನಿಮ್ಮ ದಾದಾ ಅಲ್ಲ" ಎಂದು ಹೇಳಬೇಕೇ? ತರಗತಿಯಲ್ಲಿ ಕೇಳಿದಾಗ ಅರ್ಧ ಜನ ಬೇಡ ಎಂದಿರಿ, ಅರ್ಧ ಜನ ಹೇಳಬೇಕು ಎಂದಿರಿ. ಹುಡುಗಿ ತಾನೇ ನಿರ್ಧರಿಸಿದಳು. "ಪತ್ರಿಕೆಯಲ್ಲಿ ಸುಳ್ಳು ಅಚ್ಚಾಗುವುದಕ್ಕಿಂತ ಮನೆಯಲ್ಲಿ ನಿಜ ಹೇಳುವುದು ಒಳ್ಳೆಯದು ಸರ್" ಎಂದಳು. ಅವಳ ತಂದೆಯ ಒಪ್ಪಿಗೆ ಪಡೆದು ನಾನೂ ಜೊತೆಗೆ ಹೋದೆ.

ದಾದಿ ಎಲ್ಲವನ್ನೂ ಕೇಳಿದರು. ಟ್ಯಾಂಕ್, ಫೋರ್ಕ್ ಅವರಿಗೆ ಬೇಕಿರಲಿಲ್ಲ. "ಎರಡನೇ ಯುದ್ಧ ಅಂದರೆ ನಾನು ತೊಟ್ಟಿಲಲ್ಲಿ ಇದ್ದಾಗಿನದಾ ಬೇಟಾ?" ಎಂದು ಕೇಳಿದರು. ಹೌದು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗ ಹೋಗಿದ್ದವರು ನಮ್ಮ ಅಬ್ಬಾ. ಮರಳಿ ಬಂದು ಎರಡು ವರ್ಷಕ್ಕೆ ಕಾಯಿಲೆಯಲ್ಲಿ ಹೋದರು. ಅವರ ಮುಖ ನನಗೆ ನೆನಪಿಲ್ಲ. ಅವರ ಫೋಟೋ ಇಲ್ಲ ಅಂತಲೇ ಎಲ್ಲರೂ ಹೇಳುತ್ತಿದ್ದರು" ಎಂದರು. ಆಮೇಲೆ ಕೇಳಿದರು: "ಇದು ಅಬ್ಬಾನೇ ಇರಬಹುದಾ?"

ವಿದ್ಯಾರ್ಥಿಗಳೇ, ಹೌದು ಎಂದುಬಿಡುವ ಆಸೆ ನನಗೆ ಬಹಳ ಆಯಿತು. ಆದರೆ ಬೈಕ್ ಇಸವಿ ಹೇಳುತ್ತದೆ, ಹೆಸರು ಹೇಳುವುದಿಲ್ಲ. ಅವರ ಜೊತೆಗಿದ್ದ ಗೆಳೆಯನ ಫೋಟೋವೂ ಆಗಿರಬಹುದು. ಒಂದು ಸಲ ಬೆನ್ನಿನ ಬರಹ ನಂಬಿ ತಪ್ಪಿದವನು ಎರಡನೇ ಸಲ ನನ್ನದೇ ಆಸೆಯನ್ನು ನಂಬಿ ತಪ್ಪಬಾರದು. "ಇರಬಹುದು ಅಮ್ಮ. ಇಸವಿ ಹೊಂದುತ್ತದೆ. ಆದರೆ ಅವರೇ ಎಂದು ನಾನು ಹೇಳಲಾರೆ. ಇನ್ನೂ ಹುಡುಕುತ್ತೇವೆ" ಎಂದೆ. ಅವರು ಫೋಟೋವನ್ನು ಮತ್ತೆ ಟ್ರಂಕಿಗೆ ಹಾಕಲಿಲ್ಲ. ತಲೆದಿಂಬಿನ ಪಕ್ಕ ಇಟ್ಟುಕೊಂಡರು.

ಈಗ ಆ ಹುಡುಗಿ ಅಬ್ಬಾನ ಸೈನ್ಯದ ಸಂಖ್ಯೆ ಇರುವ ಯಾವುದಾದರೂ ಕಾಗದ, ಡಿಸ್ಚಾರ್ಜ್ ಪತ್ರ, ಪದಕದ ಅಂಚಿನ ಬರಹ ಸಿಗುತ್ತದೆಯೇ ಎಂದು ನೆಂಟರ ಮನೆಗಳಲ್ಲಿ ಹುಡುಕುತ್ತಿದ್ದಾಳೆ. ಸಂಖ್ಯೆ ಮತ್ತು ರೆಜಿಮೆಂಟ್ ಸಿಕ್ಕರೆ ದಾಖಲೆ ಕಚೇರಿಗೆ ಬರೆಯಬಹುದು. ಅಬ್ಬಾ ಸವಾರನಾಗಿದ್ದರೇ ಎಂದು ಅಲ್ಲಿ ತಿಳಿದರೆ ಇನ್ನೊಂದು ಕೊಂಡಿ ಸೇರುತ್ತದೆ.

ನಿಮಗೊಂದು ಕೆಲಸ

ಮನೆಯ ಒಂದು ಹಳೆಯ ಫೋಟೋ ತೆಗೆದುಕೊಳ್ಳಿ. ಬೈಕೇ ಇರಬೇಕೆಂದಿಲ್ಲ, ರೇಡಿಯೋ, ಬಸ್ಸು, ಕನ್ನಡಕ, ಕೈಗಡಿಯಾರ ಏನಾದರೂ ಆಗಬಹುದು. ನಾಲ್ಕು ಸಾಲು ಬರೆಯಿರಿ:

ಮನೆಯವರು ಏನು ಹೇಳುತ್ತಾರೆ, ಅವರಿಗೆ ಯಾರು ಹೇಳಿದರು.
ಚಿತ್ರದಲ್ಲಿ ಎಲ್ಲಕ್ಕಿಂತ ಹೊಸ ವಸ್ತು ಯಾವುದು.
ಫೋಟೋ ಯಾವ ಇಸವಿಗಿಂತ ಮೊದಲಿನದಲ್ಲ.
ಯಾವುದನ್ನು ನೀವು ಇನ್ನೂ ಸಾಬೀತು ಮಾಡಿಲ್ಲ.

ಫೋಟೋದ ಬೆನ್ನಿಗೆ ಪೆನ್ನಿನಲ್ಲಿ ಏನೂ ಬರೆಯಬೇಡಿ. ಬೇರೆ ಕಾಗದದಲ್ಲಿ ಬರೆದು, ಇಂದಿನ ತಾರೀಕು ಮತ್ತು ನಿಮ್ಮ ಹೆಸರು ಹಾಕಿ, ಫೋಟೋದ ಜೊತೆ ಲಕೋಟೆಯಲ್ಲಿ ಇಡಿ. ಐವತ್ತು ವರ್ಷದ ನಂತರ ಅದನ್ನು ತೆರೆಯುವವರಿಗೆ ಈ ಮಾತು ಯಾರು, ಯಾವಾಗ ಬರೆದದ್ದು ಎಂದು ಗೊತ್ತಾಗಬೇಕು.

ಆ ಫೋಟೋದ ಲಕೋಟೆಯ ಮೇಲೆ ನಮ್ಮ ವಿದ್ಯಾರ್ಥಿನಿ ಬರೆದದ್ದು ಇಷ್ಟು: 'ಮ್ಯಾಚ್‌ಲೆಸ್ ಜಿ3/ಎಲ್. 1942 ಅಥವಾ ನಂತರ. ಸ್ಥಳ ಬಸ್ರಾ ಎಂದು ಮನೆಯವರ ಹೇಳಿಕೆ. ವ್ಯಕ್ತಿ ದಾದಿಯ ಅಬ್ಬಾ ಇರಬಹುದು, ಖಚಿತವಾಗಿಲ್ಲ.' ಅವಳಿಗೆ ಪ್ರಾಜೆಕ್ಟಿನಲ್ಲಿ ಪೂರ್ತಿ ಅಂಕ ಕೊಟ್ಟಿದ್ದೇನೆ. ಬುಲೆಟ್ ಚಾಚಾನಿಗೆ ಕೊಡಲು ನನ್ನಲ್ಲಿ ಅಂಕಪಟ್ಟಿ ಇಲ್ಲ. ಈ ಪತ್ರಿಕೆಯ ಒಂದು ಪ್ರತಿ ಅವರ ಗ್ಯಾರೇಜಿಗೆ ಕಳುಹಿಸುತ್ತಿದ್ದೇನೆ.